ನೀರುಗಂಟಿಯ ಪುಸ್ತಕ

ತೂಬಿನ ಬೀಗದ ಕೈ ನನ್ನ ಸೊಂಟದಲ್ಲಿ
ಮೂವತ್ತೊಂದು ವರ್ಷ.
ಸೈಕಲ್ಲು ಎರಡು ಸವೆದವು, ಬೀಗ ಒಂದೇ.
ಓಡ್ಝಿ ನದಿಯಿಂದ ಕಾಲುವೆ ಕವಲೊಡೆಯುವಲ್ಲಿ ನಿಂತು
ಯಾರಿಗೆ ಯಾವ ರಾತ್ರಿ ಎಂದು ಹೇಳುವವನು ನಾನು.
ಪುಸ್ತಕದಲ್ಲಿ ಗೆರೆ ಎಳೆದು ಮೂರು ಮನೆ ಮಾಡಿದ್ದೇನೆ:
ಬಂದರು. ಬರಲಿಲ್ಲ. ದಂಡ.
ಊರಿನ ಜಗಳವೆಲ್ಲ ಇಷ್ಟರಲ್ಲೇ ಹಿಡಿಯುತ್ತದೆ.

ಹೆಣ ಮನೆಯಲ್ಲಿದ್ದರೂ ಸರದಿ ಬಿಟ್ಟವರಿಲ್ಲ ಇಲ್ಲಿ.
ಜುಲೈ ಚಳಿಯಲ್ಲಿ, ಚಿಮನಿಮಾನಿ ಬೆಟ್ಟದ ಗಾಳಿ
ಮೂಳೆಗಿಳಿಯುವ ಹೊತ್ತಿಗೆ
ಕಂಬಳಿ ಹೊದ್ದು ಗುದ್ದಲಿ ಹಿಡಿದು ಬರುತ್ತಾರೆ,
ನೆಲ ಕೇಳಿತೋ ಇಲ್ಲವೋ, ಕುಡಿಸುತ್ತಾರೆ,
ಸಾಕೆಂದ ನೆಂಟನ ತಟ್ಟೆಗೆ ಮತ್ತೆ ಸುರಿದ ಹಾಗೆ.
ಬಿಟ್ಟರೆ ಪಕ್ಕದವನ ಪಾಲಾದೀತೆಂಬ ಭಯ.
ನಾನೂ ಅದನ್ನೇ ಬೇಸಾಯ ಎಂದುಕೊಂಡಿದ್ದೆ.

ಮಾಯಿ ಕುಂಡೈಯ ಹೊಲದಲ್ಲಿ
ಕೃಷಿ ಕಚೇರಿಯ ಹುಡುಗಿ ಮೂರು ತಂತಿ ಹೂತಳು.
ಒಂದು ಗೇಣಾಳಕ್ಕೆ, ಒಂದು ಮೊಳದಾಳಕ್ಕೆ,
ಇನ್ನೊಂದು ಬೇರಿನ ತುದಿಯೂ ಅಂಜುವಲ್ಲಿ.
ಮೇಲೆ ಅಂಗೈಯಗಲದ ಡಬ್ಬಿ ಸಿಕ್ಕಿಸಿದರೆ ಮೂರು ದೀಪ.
ನೀಲಿಯೆಂದರೆ ಹೊಟ್ಟೆ ತುಂಬಿದೆ,
ಹಸಿರೆಂದರೆ ಹದ,
ಕೆಂಪೆಂದರೆ ಬಾಯಾರಿದೆ.

ನಕ್ಕೆ. ಮುಟಾರೆ ಪೇಟೆಯ ಚೌಕದ ದೀಪಗಳು
ಮಣ್ಣೊಳಗೂ ಬಂದವಲ್ಲ!
"ನಮಗೆ ಬೆರಳು ಏಕಿದೆ?" ಎಂದೆ.
ಹಿಡಿ ಮಣ್ಣು ಹಿಸುಕಿ ಉಂಡೆ ಕಟ್ಟಿ ತೋರಿಸಿದೆ.
"ಸರಿ ಸೆಕುರು, ನಿಮ್ಮ ಬೆರಳು ಎಷ್ಟು ಉದ್ದ?"
ಅಂದಳು ಹುಡುಗಿ.
ಉತ್ತರ ಇತ್ತು. ಹೇಳಲಿಲ್ಲ.

ಗುರುವಾರ ರಾತ್ರಿ ಮಾಯಿ ಕುಂಡೈಯ ಸರದಿ.
ಬಂದಳು. ಗುದ್ದಲಿ ಇಲ್ಲ.
"ನನಗೆ ಬೇಡ. ಮೂರೂ ನೀಲಿ."
"ಜ್ವರವೇ? ಯಾರಾದರೂ ಹೋದರೇ?"
"ಹೋದ ವರ್ಷ ಬೀನ್ಸ್ ಹಳದಿಗೆ ತಿರುಗಿತಲ್ಲ,
ಸಾಲ ತಂದ ಗೊಬ್ಬರವನ್ನು ವಾರ ವಾರ
ನಾನೇ ಪಾತಾಳಕ್ಕೆ ತೊಳೆದು ಕಳಿಸಿದೆ.
ಅಲ್ಲಿ ಯಾರ ಬೀನ್ಸ್ ಬೆಳೆಯಿತೋ ಕಾಣೆ."
ಹೇಳಿ ಮನೆಗೆ ಹೋದಳು, ಮಲಗಲು.
ಗುರುವಾರ ರಾತ್ರಿ, ಮಲಗಲು!

ಟಾರ್ಚು ಹಲ್ಲಲ್ಲಿ ಕಚ್ಚಿ ಪುಸ್ತಕ ಬಿಚ್ಚಿದೆ.
ಬಂದಳು ಎಂದರೆ, ನೀರಿಗೆ ಬಂದವಳಲ್ಲ.
ಬರಲಿಲ್ಲ ಎಂದರೆ ಸುಳ್ಳು.
ದಂಡ ಯಾವ ತಪ್ಪಿಗೆ?
ಇಷ್ಟು ವರ್ಷದ ಗೆರೆಗಳಲ್ಲಿ
ಸಾಕು ಎಂಬ ಮಾತಿಗೆ ಮನೆಯೇ ಇಲ್ಲ.
ಅಂಚಿನಲ್ಲಿ ಬರೆದೆ, ಸಣ್ಣಕ್ಷರದಲ್ಲಿ, ಕಳ್ಳನಂತೆ.

ನೀರಿಗೆ ಇದೆಲ್ಲ ಗೊತ್ತೇ?
ಅವಳ ಹೊಲ ದಾಟಿ ಕೆಳಕ್ಕೆ ನಡೆಯಿತು,
ಕಾಲುವೆಯ ಬಾಲದಲ್ಲಿರುವ ಗ್ವಾಟಿಡ್ಝೋನ ಕಡೆಗೆ.
ಸಭೆಯಲ್ಲಿ ನನ್ನನ್ನು ಎರಡು ಸಲ ಕಳ್ಳ ಎಂದವನು.
ಬೆಳಗ್ಗೆ ಬಾಗಿಲಿಗೆ ಬಂದ. ಉಪಕಾರ ನೆನೆಯಲಿಕ್ಕಲ್ಲ.
"ಹೇಳದೆ ಕೇಳದೆ ನೀರು ಬಿಟ್ಟವರ್ಯಾರು?
ನನ್ನ ಒಡ್ಡು ಕಿತ್ತುಹೋಯಿತು!"
ಅಷ್ಟು ನೀರು ಬಂದೀತೆಂದು ಕಟ್ಟಿದ ಒಡ್ಡಲ್ಲ ಅದು, ಪಾಪ.
ಇಬ್ಬರೂ ಮಧ್ಯಾಹ್ನದವರೆಗೆ ಮಣ್ಣು ಹೊತ್ತೆವು. ಮಾತಿಲ್ಲ.
ಬೇವಬಾಬ್ ಮರದ ಬುಡದಲ್ಲಿ ಕೂತಾಗ ಕೇಳಿದ:
"ಆ ಡಬ್ಬಿ ಸುಳ್ಳು ಹೇಳುತ್ತದೆಯೇ?"
"ನನಗಿಂತ ಕಡಿಮೆ," ಅಂದೆ.

ಮುಂದಿನ ಗುರುವಾರವೂ ಬೇಡ ಅಂದಳು ಮಹಾರಾಯಗಿತ್ತಿ.
ಶನಿವಾರ ಬಂದು ನಿಂತಳು, ಗುದ್ದಲಿ ಹೆಗಲಲ್ಲಿ.
"ಮೇಲಿನದು ಕೆಂಪು, ನಡುವಿನದು ಹಸಿರು,
ಕೆಳಗಿನದು ಇನ್ನೂ ಯೋಚಿಸುತ್ತಿದೆ."
ಶನಿವಾರ ಗ್ವಾಟಿಡ್ಝೋನದು. ಅವನ ಮುಖ ನೋಡಿದೆ.
ಗೊಣಗಿದ.
ಗೊಣಗಿದ್ದನ್ನು ಒಪ್ಪಿಗೆಯೆಂದು ತಿಳಿದು
ಬೀಗ ತೆಗೆದೆ.

ಆಮೇಲೆ ಅಡಿಕೋಲಿಟ್ಟು
ಪುಸ್ತಕದಲ್ಲಿ ನಾಲ್ಕನೆಯ ಮನೆ ಮಾಡಿದೆ.
ಅದರ ತಲೆಗೆ ಏನು ಬರೆಯಬೇಕೋ ಹೊಳೆಯಲಿಲ್ಲ.
ಸದ್ಯಕ್ಕೆ ಖಾಲಿ ಇದೆ.
ಆ ಹುಡುಗಿ ಬಂದಾಗ ಕೇಳಬೇಕು,
ಬೆರಳಿನ ಮಾತು ತೆಗೆಯದೆ.